ಎಂಬತ್ತನಾಲ್ಕು ಅಂಕದ ಹಾಸಿಗೆ

ಸೇವಾ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ, ಹೆಸರಿನ ಮುಂದೆ ಒಂದು ಸಾಲಿಗೂ ಹಿಡಿಸದ ಹುದ್ದೆಯೂ ಇದೆ. ಜೈಲಿನೊಳಗೆ ಮಾತ್ರ ಅವೆರಡನ್ನೂ ಬಳಸಿದವರಿಲ್ಲ. ಮೊದಲ ಗೇಟಿನಿಂದ ಹಿಡಿದು ಕೊನೆಯ ಬ್ಯಾರಕ್ಕಿನವರೆಗೂ ಅವಳು ಅಂಕದಕ್ಕ. ಸೂಪರಿಂಟೆಂಡೆಂಟ್ ಸಾಹೇಬರೇ ಒಮ್ಮೆ ಬಾಯಿತಪ್ಪಿ ಹಾಗೆ ಕರೆದು ಕೆಮ್ಮಿದ್ದುಂಟು.

ಕೆಲಸ ಇಷ್ಟೇ: ಕುಡಿತಕ್ಕೋ ಮಾದಕ ಪುಡಿಗೋ ಸಿಕ್ಕಿಬಿದ್ದು ಒಳಗೆ ಬಂದ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಇವನು ಚಿಕಿತ್ಸೆಗೆ ಸಿದ್ಧನಿದ್ದಾನೋ ಇಲ್ಲವೋ ಎಂದು ಅಳೆಯುವುದು. ಅಳೆಯಲು ಒಂದು ಹಾಳೆ. ಅದರಲ್ಲಿ ಇಪ್ಪತ್ತೆಂಟು ಮಾತುಗಳು. ‘ಕುಡಿತದಿಂದ ನನಗೆ ಕೆಟ್ಟದ್ದಾಗಿದೆ’, ‘ಬಿಡಲು ನಾನು ಆಗಲೇ ಹೆಜ್ಜೆ ಇಟ್ಟಿದ್ದೇನೆ’, ‘ಬಿಡಬಲ್ಲೆ ಎಂಬ ನಂಬಿಕೆ ನನಗಿದೆ’, ಹೀಗೆ. ಪ್ರತಿ ಮಾತಿಗೂ ಕೈದಿಯೇ ಹೇಳಬೇಕಾದ, ಒಂದರಿಂದ ಐದರೊಳಗಿನ ಅಂಕ. ಕೂಡಿದರೆ ಎಂಬತ್ತನಾಲ್ಕಾದರೂ ಬರಬೇಕು. ಬಂದರೆ ಹಸಿರು ವಾರ್ಡಿನಲ್ಲಿ ನಾಲ್ಕು ತಿಂಗಳು ಹಾಸಿಗೆ, ವೈದ್ಯರು, ಆಪ್ತಸಲಹೆಗಾರ, ಮಾತು, ಮದ್ದು. ಬಾರದಿದ್ದರೆ ಆರು ತಿಂಗಳು ಮತ್ತೆ ಅವಳ ಮುಂದೆ ಕೂರುವಂತಿಲ್ಲ. ಹಾಸಿಗೆ ಇರುವುದು ಹದಿನಾರೇ, ಕಾಯುವವರು ಇನ್ನೂರಕ್ಕೂ ಮೇಲೆ.

ಅವಳ ಕೋಣೆ ಹಿಂದೆ ಹೊಲಿಗೆ ಸಾಮಾನು ಇಡುತ್ತಿದ್ದ ಜಾಗ. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಕಬ್ಬಿಣದ ಮೇಜು, ಎರಡು ಸ್ಟೂಲು, ಅಡುಗೆ ಅಂಗಳದ ಕಡೆಗೊಂದು ಕಿಟಕಿ. ಬೆಳಗಿನಿಂದ ಸಂಜೆವರೆಗೂ ಆ ಕಿಟಕಿಯಲ್ಲಿ ಕೊಪ್ಪರಿಗೆಯ ಹಬೆ. ಬಾಗಿಲಲ್ಲಿ ಹೆಡ್ ವಾರ್ಡರ್. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಅವನ ಅಡ್ಡಹೆಸರು ಮೀಸೆ ಎಂದೇ ಉಳಿದಿತ್ತು. ಇಲ್ಲಿಗೆ ಬರುವ ಮುಂಚೆ ಅವಳು ದೊಡ್ಡಾಸ್ಪತ್ರೆಯಲ್ಲಿ ದಾದಿ. ಕುಡಿತ ಬಿಟ್ಟ ಮೂರನೆಯ ದಿನ ಕೈಕಾಲು ನಡುಗುತ್ತ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕಿರುಚುವವರನ್ನು ಮಂಚಕ್ಕೆ ಅಮುಕಿ ಹಿಡಿದು ಹಿಡಿದೇ ಅವಳ ಬಲಭುಜ ಎಡದ್ದಕ್ಕಿಂತ ಒಂದು ಬೆರಳು ತಗ್ಗಿತ್ತು. ಅಲ್ಲಿ ಮೈ ಹಿಡಿಯುತ್ತಿದ್ದವಳು ಇಲ್ಲಿ ಮಾತು ಹಿಡಿಯಲು ಬಂದಳು. ಹದಿನೇಳು ವರ್ಷವಾಯಿತು.

ಹದಿನೇಳು ವರ್ಷದಲ್ಲಿ ಅವಳು ಒಂದು ಅಂಕವನ್ನೂ ತಿದ್ದಿದವಳಲ್ಲ. ಅದೇ ಅವಳ ಜಂಬ. ಅದೇ ಅವಳ ಸಂಕಟ ಕೂಡ. ಯಾಕೆಂದರೆ ನಾಲ್ಕನೆಯ ಬ್ಯಾರಕ್ಕಿನಲ್ಲೊಬ್ಬ ಟ್ಯೂಷನ್ ಮೇಷ್ಟ್ರಿದ್ದ. ಹೊರಗೆ ಅವನು ಪಾಠ ಮಾಡಿದವನಲ್ಲ, ಸುಳ್ಳು ದಸ್ತಾವೇಜು ಬರೆದು ಬಂದವನು. ಎರಡು ಸಲ ಆ ಹಾಳೆಯ ಮುಂದೆ ಕೂತು ಇಪ್ಪತ್ತೆಂಟು ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಒಂದು ಸೋಪಿಗೆ ಎರಡು ದಿನದ ಪಾಠ. ಅವನ ಬೋಧನೆ ಹೀಗಂತೆ: ಎಲ್ಲಕ್ಕೂ ಐದು ಅಂದರೆ ಅಕ್ಕನಿಗೆ ಅನುಮಾನ ಬರುತ್ತೆ, ನಾಲ್ಕು ಅನ್ನಿ, ಅನ್ನೋ ಮುಂಚೆ ಸ್ವಲ್ಪ ನೆಲ ನೋಡಿ, ಒಂದು ಉಸಿರು ಬಿಡಿ. ಮೀಸೆಯೇ ಇದನ್ನು ಬಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವಳಿಗೆ ನಗು ಬರಲಿಲ್ಲ. ಅಂದಿನಿಂದ ಯಾರು ನೆಲ ನೋಡಿ ಉಸಿರು ಬಿಟ್ಟರೂ ಅವಳಿಗೆ ಮೇಷ್ಟ್ರ ಪಾಠವೇ ಕೇಳಿಸುತ್ತಿತ್ತು. ಆದರೂ ಬಾಯಿಂದ ಬಂದದ್ದನ್ನೇ ಬರೆಯಬೇಕು. ಬರೆಯುತ್ತಿದ್ದಳು. ಹದಿನಾರು ಹಾಸಿಗೆಯಲ್ಲಿ ಹತ್ತಾದರೂ ಮೇಷ್ಟ್ರ ಶಿಷ್ಯರ ಪಾಲಾಗುತ್ತಿದ್ದವು.

ಹೀಗಿರುವಾಗ ಒಂದು ಮಂಗಳವಾರ ಗಾರೆಯವನು ಬಂದ.

ನಲವತ್ತರ ಆಸುಪಾಸಿನ ಆಳು. ಬೆರಳ ಸಂದಿಯಲ್ಲಿ ಸಿಮೆಂಟು ತಿಂದ ಹಳೆಯ ಗಾಯಗಳು. ಮೇಲೆ ನಿಂತು ಕೆಲಸ ಮಾಡುವ ಗಳುಗಳ ಸಾರುವೆಯನ್ನು ಕುಡಿದ ಕೈಯಲ್ಲಿ ಕಟ್ಟಿದ್ದ. ಹಗ್ಗ ಜಾರಿ, ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಮೂರನೆಯ ಮಹಡಿಯಿಂದ ಬಿದ್ದು ಸತ್ತ. ಶಿಕ್ಷೆಯಲ್ಲಿ ಇನ್ನು ಏಳು ತಿಂಗಳು ಬಾಕಿ. ಹೆಂಡತಿ ಕಾಗದ ಬರೆಸಿದ್ದಳು: ಕುಡಿತ ಬಿಟ್ಟು ಬರುವುದಾದರೆ ಬಾಗಿಲು ತೆರೆದಿದೆ, ಇಲ್ಲದಿದ್ದರೆ ಈ ಬೀದಿಗೂ ಬರಬೇಡ. ಆ ಕಾಗದವನ್ನು ಅವನು ಅಂಗಿಯ ಒಳಗಿಟ್ಟುಕೊಂಡಿದ್ದ. ಲೆಕ್ಕ ಅವಳಿಗೆ ಕೂಡಲೇ ಹೊಳೆಯಿತು. ಈ ಸಲ ಹಾಸಿಗೆ ಸಿಗದಿದ್ದರೆ ಮುಂದಿನ ಅಳತೆಗೆ ಆರು ತಿಂಗಳು. ಆಮೇಲೆ ಉಳಿಯುವುದು ಒಂದೇ ತಿಂಗಳು. ನಾಲ್ಕು ತಿಂಗಳ ಚಿಕಿತ್ಸೆ ಒಂದು ತಿಂಗಳಿಗೆ ಹಿಡಿಸುವುದಿಲ್ಲ. ಇವನಿಗಿರುವುದು ಇದೊಂದೇ ಸಲ.

ಅವಳು ಕೇಳುತ್ತ ಹೋದಳು. ಅವನು ಮೇಜಿನತ್ತ ನೋಡಲಿಲ್ಲ, ನೆಲದತ್ತ ನೋಡಲಿಲ್ಲ, ಅವಳ ಮುಖವನ್ನೇ ನೋಡಿ ಉತ್ತರ ಹೇಳಿದ. ಬಿಡಲು ಹೆಜ್ಜೆ ಇಟ್ಟಿದ್ದೀಯಾ ಎಂದರೆ ಇಲ್ಲ. ನಂಬಿಕೆ ಇದೆಯಾ ಎಂದರೆ ಇಲ್ಲ. ಎರಡೂವರೆ ವರ್ಷ ಕುಡಿದಿಲ್ಲವಲ್ಲ ಎಂದು ಅವಳೇ ಬಾಯಿಗೆ ಕೊಟ್ಟರೂ ಅವನು ತೆಗೆದುಕೊಳ್ಳಲಿಲ್ಲ. ಸಿಕ್ಕಿಲ್ಲ, ಅದಕ್ಕೆ ಕುಡಿದಿಲ್ಲ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿದೆ ಎಂದ. ಒಂದು, ಎರಡು, ಎರಡು, ಒಂದು. ಹನ್ನೆರಡನೆಯ ಮಾತು ಬಂತು: ‘ಹೊರಗೆ ಹೋದ ಮೇಲೆ ಕುಡಿಯದೆ ಇರಬಲ್ಲೆ.’

ಅವನು ಬೆರಳ ಸಂದಿಯ ಗಾಯ ಸವರಿಕೊಂಡ. ಆಮೇಲೆ ಹೇಳಿದ.

“ನನಗೆ ಹೆಂಡದ ವಾಸನೆ ಏನೂ ಮಾಡಲ್ಲ ಅಕ್ಕ. ಹಸೀ ಸಿಮೆಂಟಿನ ವಾಸನೆ ಬಂದ್ರೆ ಗಂಟಲು ಒಣಗುತ್ತೆ. ಇಪ್ಪತ್ತು ವರ್ಷ, ದಿನಾ ಕಲಸಿದ ಮೇಲೆ ಕೈ ತೊಳೆದು ಸೀದಾ ಅಂಗಡಿಗೆ ಹೋಗಿದ್ದೀನಿ. ಕೈಗೂ ಬಾಯಿಗೂ ಅದೇ ರೂಢಿ. ನನಗೆ ಬರೋ ಕೆಲಸ ಅದೊಂದೇ. ಹೊರಗೆ ಹೋದ್ರೆ ಅದನ್ನೇ ಮಾಡಬೇಕು. ಮಾಡಿದ್ರೆ ಕುಡೀತೀನಿ. ಅದಕ್ಕೇ ನಿಮ್ಮ ಹತ್ರ ಬಂದಿದ್ದು.”

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು. ಹದಿನೇಳು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತು ತನ್ನ ರೋಗವನ್ನು ಹೀಗೆ ಬೆರಳಿಟ್ಟು ತೋರಿಸಿದವರು ಎಷ್ಟು ಜನ? ಎಣಿಸಲು ಒಂದು ಕೈಯ ಬೆರಳೂ ಪೂರ್ತಿ ಬೇಕಾಗಿರಲಿಲ್ಲ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ‘ಸಿಮೆಂಟಿನ ವಾಸನೆ, ಗಾರೆ ಕೆಲಸ ಬೇಡ’ ಎಂದು ಬರೆದುಕೊಂಡಳು. ಅಂಕದ ಚೌಕದಲ್ಲಿ ಒಂದು ಎಂದು ಬರೆದಳು. ಅಲ್ಲಿಯವರೆಗಿನದನ್ನು ಕೂಡಿದಳು. ಇಪ್ಪತ್ತೆರಡು. ಇವನು ಹೀಗೇ ನಿಜ ಹೇಳುತ್ತ ಹೋದರೆ ಐವತ್ತೂ ಮುಟ್ಟುವುದಿಲ್ಲ.

ನಿಯಮದ ಪ್ರಕಾರ ಒಂದೇ ಸಲ ಕೂತು ಮುಗಿಸಬೇಕು. ನಡುವೆ ತಲೆ ಎಣಿಕೆಯ ಗಂಟೆ ಹೊಡೆದರೆ ಮಾತ್ರ ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ಗಂಟೆ ಹೊಡೆದಿರಲಿಲ್ಲ. ಅವಳು ‘ಎಣಿಕೆಯ ಗಂಟೆ’ ಎಂದು ಬರೆದು ಹಾಳೆ ಮಡಚಿದಳು. ಗುರುವಾರ ಬಾ ಎಂದಳು.

ಮನೆಯಲ್ಲಿ ಅವಳಿಗಾಗಿ ಕಾಯುವವರು ಅತ್ತೆ. ಗಂಡ ಬೇರೊಂದು ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಭಾನುವಾರ ಬಂದು ಮಲಗಿ ಎದ್ದು ಹೋಗುವವನು. ಹಾಗಾಗಿ ವಾರದ ಆರು ದಿನ ಅತ್ತೆ ಸೊಸೆಯರದೇ ರಾಜ್ಯ. ಅತ್ತೆ ಮೂವತ್ತು ವರ್ಷ ಬಟ್ಟೆಯಂಗಡಿಯಲ್ಲಿ ಅಳೆದು ಕತ್ತರಿಸಿದವರು. ಈಗಲೂ ಯಾರಾದರೂ ಬಾಗಿಲಿಗೆ ಬಂದರೆ ಮೊದಲು ಅವರ ಭುಜದ ಅಗಲ ನೋಡುತ್ತಿದ್ದರು. ಆ ಸಂಜೆ ಸೊಸೆ ತಟ್ಟೆಯ ಮುಂದೆ ಕೂತು ಗಾರೆಯವನ ಕಥೆ ಹೇಳಿದಳು. ಅತ್ತೆ ಕಿವಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಂಡರು.

“ನಾನು ಬಟ್ಟೆ ಅಳೆದೆ, ನೀನು ಮನುಷ್ಯರನ್ನ ಅಳೀತೀಯ. ನನ್ನ ಕಸುಬೇ ವಾಸಿ ಕಣೇ. ಬಡವರು ಬಂದ್ರೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸ್ತಿದ್ದೆ, ಸಾಹುಕಾರನಿಗೆ ಗೊತ್ತೇ ಆಗ್ತಿರಲಿಲ್ಲ. ನಿನ್ನ ಹಾಳೇಲಿ ನಾಲ್ಕು ಬೆರಳು ಇಲ್ವಾ?”

“ತಿದ್ದೋ ಹಾಗಿಲ್ಲ ಅತ್ತೆ. ಅವನೇ ಹೇಳ್ಬೇಕು.”

“ಹಾಗಾದ್ರೆ ಅವನ ಕೈಲೇ ಹೇಳಿಸು,” ಎಂದು ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು.

ಆ ಮಾತು ಅವಳ ತಲೆಯೊಳಗೆ ಹುಳದ ಹಾಗೆ ಹೊಕ್ಕಿತು. ಉಳಿದಿರುವುದು ಹದಿನಾರು ಮಾತು. ಹದಿನಾರಕ್ಕೂ ನಾಲ್ಕು ಅಂದರೆ ಅರವತ್ತನಾಲ್ಕು. ಇಪ್ಪತ್ತೆರಡು ಸೇರಿದರೆ ಎಂಬತ್ತಾರು. ಬೇಕಾದದ್ದಕ್ಕಿಂತ ಎರಡು ಹೆಚ್ಚು. ತಾನು ಒಂದು ಅಂಕವನ್ನೂ ತಿದ್ದಬೇಕಾಗಿಲ್ಲ. ಪೆನ್ನು ಚೊಕ್ಕ, ಕೈ ಚೊಕ್ಕ.

ಮರುದಿನ ಬೆಳಿಗ್ಗೆ ಅವಳು ಮೀಸೆಯನ್ನು ಪಕ್ಕಕ್ಕೆ ಕರೆದು, ಗಾರೆಯವನನ್ನು ಗುರುವಾರದವರೆಗೆ ಮೇಷ್ಟ್ರ ಹತ್ತಿರ ಕೂರಿಸಲು ಹೇಳಿದಳು. ಮೀಸೆ ಮೊದಲು ತಮಾಷೆಯೆಂದುಕೊಂಡ.

“ಟ್ಯೂಷನ್‌ಗೆ ನೀವೇ ಕಳಿಸ್ತೀರಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?”

ಅವಳ ಮುಖ ನೋಡಿ ಅವನು ನಗು ನುಂಗಿಕೊಂಡು ಹೋದ. ಮಧ್ಯಾಹ್ನ ಬಂದು ವರದಿ ಒಪ್ಪಿಸಿದ. ಗಾರೆಯವನು ಮೊದಲು ಸುತರಾಂ ಒಪ್ಪಲಿಲ್ಲವಂತೆ. ಸುಳ್ಳು ಹೇಳಿ ಒಳಗೆ ಹೋದರೆ ಅಲ್ಲೂ ಸುಳ್ಳೇ ಹೇಳಿಕೊಂಡು ಇರಬೇಕಾಗುತ್ತೆ, ಅದಕ್ಕೆ ಚಿಕಿತ್ಸೆ ಯಾಕೆ ಅಂದನಂತೆ. ಅಕ್ಕನೇ ಹೇಳಿ ಕಳಿಸಿದ್ದು ಎಂದು ಮೀಸೆ ಹೇಳಿದ ಮೇಲೆ ಅವನು “ಅಕ್ಕ ಹೇಳಿದ್ರಾ? ಹಾಗಾದ್ರೆ ಸರಿ,” ಎಂದು ಹೋಗಿ ಕೂತನಂತೆ. ಮೇಷ್ಟ್ರು ಸೋಪು ತೆಗೆದುಕೊಳ್ಳಲಿಲ್ಲ. ಸರ್ಕಾರವೇ ಕಳಿಸಿದ ಶಿಷ್ಯ ಎಂದು ಎದೆಯುಬ್ಬಿಸಿ ಪುಕ್ಕಟೆ ಹೇಳಿಕೊಟ್ಟ.

ಗುರುವಾರ ಅವನು ಬಂದು ಕೂತ. ಅವಳು ಹದಿಮೂರನೆಯ ಮಾತು ಓದಿದಳು. ಅವನು ನೆಲ ನೋಡಿದ. ಉಸಿರು ಬಿಟ್ಟ. ನಾಲ್ಕು ಎಂದ.

ಹದಿನಾಲ್ಕು. ನೆಲ, ಉಸಿರು, ನಾಲ್ಕು.

ಇಪ್ಪತ್ತೆಂಟೂ ಮುಗಿದ ಮೇಲೆ ಅವಳು ಕೂಡಿದಳು. ಎಂಬತ್ತಾರು. ಅವನು ಎದ್ದು ಬಾಗಿಲ ತನಕ ಹೋಗಿ ತಿರುಗಿದ.

“ಸರಿಯಾಗಿ ಹೇಳಿದ್ನಾ ಅಕ್ಕ?”

ಸರಿಯಾಗಿ ಹೇಳಿದೆ ಎಂದಳು. ಅವನು ಹೋದ ಮೇಲೆ ಹಾಳೆಯ ಅಂಚಿನ ಪೆನ್ಸಿಲ್ ಬರಹ ಕಣ್ಣಿಗೆ ಬಿತ್ತು. ಹನ್ನೆರಡರಲ್ಲಿ ಒಂದು ಅಂಕ ಕೊಟ್ಟವನು ಹದಿಮೂರರಿಂದ ಹೇಗೆ ಬದಲಾದ ಎಂದು ಕಚೇರಿಯವರು ಕೇಳುವುದಿಲ್ಲ. ಅವರು ಮೊತ್ತ ಬಿಟ್ಟು ಬೇರೇನೂ ನೋಡುವವರಲ್ಲ. ಆದರೆ ಅಂಚಿನಲ್ಲಿ ಇಂಥ ಮಾತಿದ್ದರೆ ಯಾರಾದರೂ ಓದಿಯಾರು, ಓದಿದರೆ ಉಳಿದದ್ದನ್ನೂ ನೋಡಿಯಾರು. ಅವಳು ರಬ್ಬರಿನಿಂದ ಅದನ್ನು ಅಳಿಸಿದಳು. ಪುಡಿಯನ್ನು ಊದಿದಳು. ಮುಂದೆ ಅವಳಿಗೆ ತಾನು ಮಾಡಿದ್ದೆಲ್ಲದರಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಗುತ್ತಿದ್ದುದು ಗಂಟೆಯ ಸುಳ್ಳಲ್ಲ, ಮೇಷ್ಟ್ರ ಹತ್ತಿರ ಕಳಿಸಿದ್ದೂ ಅಲ್ಲ, ಆ ಊದಿದ್ದು.

ಹಸಿರು ವಾರ್ಡಿನಿಂದ ಒಳ್ಳೆಯ ಸುದ್ದಿಯೇ ಬರುತ್ತಿತ್ತು. ಅಲ್ಲಿನ ಆಪ್ತಸಲಹೆಗಾರ ಹೊಸದಾಗಿ ಓದು ಮುಗಿಸಿ ಬಂದ ಹುಮ್ಮಸ್ಸಿನ ಹುಡುಗ. ಊಟದ ಹೊತ್ತಿನಲ್ಲಿ ಸಿಕ್ಕಾಗಲೆಲ್ಲ ಗಾರೆಯವನನ್ನು ಹೊಗಳುತ್ತಿದ್ದ. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಾನಂತೆ. ನನ್ನಲ್ಲಿ ನಂಬಿಕೆ ಬಂದಿದೆ ಅನ್ನುತ್ತಾನಂತೆ. ಹೊಸಬರಿಗೆ ಅವನ ಕೈಲೇ ಎರಡು ಮಾತು ಹೇಳಿಸುತ್ತಾರಂತೆ. ಅವಳು ತುತ್ತು ನುಂಗುತ್ತ ತಲೆಯಾಡಿಸುತ್ತಿದ್ದಳು. ಸಂತೋಷ ಪಡಬೇಕು ಅಂದುಕೊಳ್ಳುತ್ತಿದ್ದಳು. ಒಂದೆರಡು ಸಲ ಆ ಹುಡುಗನ ಬಳಿ ಸಿಮೆಂಟಿನ ವಿಷಯ ಎತ್ತಬೇಕೆಂದು ನಾಲಿಗೆ ತುದಿಗೆ ಬಂತು. ಎತ್ತಿದರೆ, ನಿಮಗೆ ಹೇಗೆ ಗೊತ್ತು, ಹಾಳೆಯಲ್ಲಿ ಇಲ್ಲವಲ್ಲ ಎಂದಾನು. ಗಾರೆಯವನೇ ಹೇಳಿರುತ್ತಾನೆ, ನಾಲ್ಕು ತಿಂಗಳಲ್ಲಿ ಹೇಳದೆ ಇರುತ್ತಾನಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವನು ಹೇಳಿರಲಿಲ್ಲ. ಅಕ್ಕನ ಪಾಠ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಇಂಥ ಮಾತಿಗೆ ಇಲ್ಲಿ ಅಂಕ ಇಲ್ಲ.

ಚಿಕಿತ್ಸೆ ಮುಗಿಸಿದ ಕೈದಿಗೆ ಬಿಡುಗಡೆಯ ದಿನವೇ ಕೆಲಸ ಕೊಡಿಸುವುದು ಹಸಿರು ವಾರ್ಡಿನ ಹೆಮ್ಮೆ. ಗಾರೆಯವನಿಗೆ ಏನು ಕೊಡಿಸಬೇಕು ಎಂಬುದರಲ್ಲಿ ಯೋಚಿಸುವುದೇ ಇರಲಿಲ್ಲ. ಹುಮ್ಮಸ್ಸಿನ ಹುಡುಗ ತಾನೇ ಓಡಾಡಿ ಒಬ್ಬ ಗುತ್ತಿಗೆದಾರನನ್ನು ಹಿಡಿದು, ಐದು ಮಹಡಿಯ ಕಟ್ಟಡವೊಂದರಲ್ಲಿ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವ ಕೆಲಸ ಗೊತ್ತು ಮಾಡಿದ. ಗಾರೆಯವನು ಬೇಡ ಎನ್ನಲಿಲ್ಲ. ನಾಲ್ಕು ತಿಂಗಳು ನಂಬಿಕೆ ಇದೆ ಎಂದವನು ಈಗ ಭಯ ಎಂದರೆ ಯಾರು ನಂಬುತ್ತಾರೆ? ಹೆಂಡತಿ ಬಾಗಿಲು ತೆರೆದಳು. ಎಂಟು ದಿನ ಅವನು ಕೈ ತೊಳೆದು ಸೀದಾ ಮನೆಗೆ ಹೋದ. ಒಂಬತ್ತನೆಯ ದಿನ ಹೋಗಲಿಲ್ಲ. ಹೆಂಡತಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಕಟ್ಟಡದ ಶೆಡ್ಡಿನಲ್ಲೇ ಬಿದ್ದುಕೊಂಡು, ಅಲ್ಲಿನ ತಂತಿ, ಕೊಳಾಯಿ ಕದ್ದು ಮಾರಿ, ತಡೆಯಲು ಬಂದ ಕಾವಲುಗಾರನ ಕೈ ಮುರಿದು, ಎರಡೂವರೆ ತಿಂಗಳಿಗೆ ಅದೇ ಗೇಟಿನಿಂದ ಒಳಗೆ ಬಂದ. ಹನ್ನೊಂದು ತಿಂಗಳ ಶಿಕ್ಷೆ.

ಸುದ್ದಿ ತಂದವನು ಮೀಸೆ. ಅವತ್ತು ಅವನ ಬಾಯಲ್ಲೂ ತಮಾಷೆ ಇರಲಿಲ್ಲ. ಗಾರೆಯವನ ಹೆಸರು ಮತ್ತೆ ಅಳತೆಯ ಪಟ್ಟಿಯಲ್ಲಿದೆ ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತ.

ಅವನು ತೆಳ್ಳಗಾಗಿದ್ದ. ಕೂತ ಕೂಡಲೇ, ಅವಳಿನ್ನೂ ಹಾಳೆ ಬಿಡಿಸುವ ಮುಂಚೆಯೇ, ಕುಡಿತದಿಂದ ತನಗೆ ಕೆಟ್ಟದ್ದಾಗಿದೆ ಎಂದೂ, ಬಿಡಲು ಹೆಜ್ಜೆ ಇಟ್ಟಿದ್ದೇನೆ ಎಂದೂ ಒಪ್ಪಿಸತೊಡಗಿದ. ಶಾಲೆಯ ಮಗು ಮಗ್ಗಿ ಒಪ್ಪಿಸಿದ ಹಾಗೆ. ಅವಳು ಕೈಯೆತ್ತಿ ತಡೆದಳು. ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದಳು. ತಪ್ಪು ನನ್ನದು ಎಂದಳು. ಅಂದು ನೀನು ಹೇಳಿದ್ದನ್ನು ನಾನು ಅಳಿಸಿ ಹಾಕಿದೆ, ಯಾರೂ ಓದದ ಹಾಗೆ ಮಾಡಿದೆ ಎಂದಳು. ಒಂಬತ್ತನೆಯ ದಿನ ಏನಾಯಿತು, ಅದನ್ನು ಹೇಳು, ಅಂಕ ಬೇಡ.

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

“ನೀವು ಒಳ್ಳೇದಕ್ಕೇ ಹೇಳಿದ್ರಿ ಅಕ್ಕ. ಆದ್ರೆ ಈಗ ಬಾಯಿ ತೆಗೆದ್ರೆ ಯಾವುದು ನನ್ನ ಮಾತು, ಯಾವುದು ಮೇಷ್ಟ್ರ ಮಾತು ಅಂತ ನನಗೇ ಗೊತ್ತಾಗಲ್ಲ.”

ಅವತ್ತೇ ಅವಳು ಸಾಹೇಬರ ಕೋಣೆಗೆ ಹೋಗಿ ಗಂಟೆಯಿಂದ ಹಿಡಿದು ರಬ್ಬರಿನವರೆಗೆ ಎಲ್ಲವನ್ನೂ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಹೋದ ವರ್ಷದ ವರದಿಯಲ್ಲಿ ಗಾರೆಯವನು ಚಿಕಿತ್ಸೆ ಯಶಸ್ವಿಯಾಗಿ ಮುಗಿಸಿದವರ ಪಟ್ಟಿಯಲ್ಲಿದ್ದಾನೆ, ಅದು ಮೇಲಕ್ಕೆ ಹೋಗಿಯೂ ಆಗಿದೆ, ಈಗ ಅದನ್ನು ಕೆದಕುವುದು ಬೇಡ ಎಂದರು. ಅವಳು ಅವನನ್ನು ಅಳೆಯುವುದು ಬೇಡ ಎಂದೂ ಹೇಳಿದರು. ವರ್ಷಕ್ಕೆರಡು ಸಲ ಇನ್ನೊಂದು ಜೈಲಿನಿಂದ ಬರುವ ಅಧಿಕಾರಿ ಅಳೆಯಲಿ. ಅವನು ಒಳಗಿರುವಷ್ಟು ಕಾಲ ಶನಿವಾರ ಅರ್ಧ ಗಂಟೆ ಅವನ ಜೊತೆ ಕೂರಲು ಅನುಮತಿ ಕೇಳಿದಳು. ಹಾಳೆಯಿಲ್ಲದೆ ಕೂತು ಏನು ಮಾಡುತ್ತೀರಿ ಎಂದು ಅವರಿಗೆ ಅರ್ಥವಾಗಲಿಲ್ಲ. ಪೀಡೆ ಹೋಗಲಿ ಎಂದು ಸಹಿ ಹಾಕಿದರು.

ಮೊದಲ ಶನಿವಾರ ಅವನು ಚೆನ್ನಾಗಿದ್ದೀನಿ ಅಕ್ಕ ಎಂದ. ಎರಡನೆಯ ಶನಿವಾರವೂ ಅಂದ. ಅವಳು ಮೈತುಂಬ ಕಿವಿಯಾಗಿ ಕೂತಳು, ಏನನ್ನೂ ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಹುಡುಕುತ್ತಾನೆ, ಹುಡುಕಿದರೆ ಮೇಷ್ಟ್ರದ್ದೇ ಸಿಗುತ್ತದೆ. ಒಂದೂವರೆ ತಿಂಗಳು ಬರೀ ಮೌನ. ಕಿಟಕಿಯ ಹಬೆ ನೋಡುತ್ತ ಇಬ್ಬರೂ ಕೂತಿರುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಇಬ್ಬರನ್ನು ಅಳೆದು ಮುಗಿಸಬಹುದಿತ್ತು ಎಂದು ಮೀಸೆ ಬಾಗಿಲಲ್ಲಿ ಗೊಣಗಿದ. ಒಂದು ಶನಿವಾರ ಗಾರೆಯವನು ಇದ್ದಕ್ಕಿದ್ದಂತೆ, ಬಿದ್ದು ಸತ್ತವನ ಚಪ್ಪಲಿ ಸಾರುವೆಯ ಮೇಲೇ ಉಳಿದಿತ್ತು ಎಂದ. ಮತ್ತೆ ಮೂರು ವಾರ ಏನೂ ಇಲ್ಲ. ಆಮೇಲೆ ಎಂಟನೆಯ ದಿನದ ಬಗ್ಗೆ ಹೇಳಿದ. ಒಂಬತ್ತನೆಯದನ್ನು ಹೇಳಲಾಗದೆ ಎದ್ದು ಹೋದ. ಮುಂದಿನ ವಾರ ಬಂದು ಅದನ್ನೂ ಹೇಳಿದ. ಹೇಳುವಾಗ ಅವನ ಮುಖ ಸೊಟ್ಟಗಾಯಿತು, ಮೂಗಿನಿಂದ ನೀರಿಳಿಯಿತು, ಅವಳು ಕಣ್ಣು ತೆಗೆಯದೆ ಕೇಳಿದಳು.

ಅವನು ಮತ್ತೆ ಒಳಗೆ ಬಂದು ಐದು ತಿಂಗಳು ಕಳೆದ ಮೇಲೆ ಬೇರೆ ಜೈಲಿನ ಅಧಿಕಾರಿ ಬಂದರು. ಕಟ್ಟುನಿಟ್ಟಿನ ಮನುಷ್ಯ, ಅವಳ ಹಾಗೆಯೇ ಒಂದು ಅಂಕವನ್ನೂ ತಿದ್ದುವವರಲ್ಲ. ಅವಳು ಅಂದು ತನ್ನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು ಅಡುಗೆ ಅಂಗಳದಲ್ಲಿ ನಿಂತಿದ್ದಳು. ಬಾಗಿಲು ಮುಚ್ಚಿತ್ತು, ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಗಾರೆಯವನು ಹೊರಗೆ ಬಂದ. ಅವಳನ್ನು ಕಂಡು ನಿಂತ. ಅವನ ಕಣ್ಣಲ್ಲಿ ಅವಳು ಮೊದಲ ಮಂಗಳವಾರ ಕಂಡದ್ದೇ ಇತ್ತು, ನೇರ, ಏನನ್ನೂ ಮುಚ್ಚಿಡದ ನೋಟ.

“ನಲವತ್ತೇಳು ಅಂತೆ ಅಕ್ಕ,” ಎಂದ. “ಇದ್ದದ್ದನ್ನೇ ಹೇಳಿದೆ. ಸಿಮೆಂಟಿಂದೂ ಹೇಳಿದೆ. ಅವರು ಬರ್ಕೊಳ್ಳಲಿಲ್ಲ, ಅದಕ್ಕೆ ಜಾಗ ಇಲ್ವಂತೆ.”

ಹೇಳಿದ್ದು ಒಳ್ಳೆಯದಾಯಿತು ಎಂದಳು. ಹೌದು ಎಂದ ಅವನು. ಮೀಸೆ ಅವನ ಮೊಣಕೈ ಮುಟ್ಟಿ ಬ್ಯಾರಕ್ಕಿನ ಕಡೆ ಕರೆದುಕೊಂಡು ಹೋದ.

ಇನ್ನೊಂದು ಅಳತೆಗೆ ಆರು ತಿಂಗಳು. ಅವನ ಬಿಡುಗಡೆ ಅದಕ್ಕೆ ಒಂಬತ್ತು ದಿನ ಮುಂಚೆ. ನಡುವೆ ಇರುವ ಶನಿವಾರಗಳನ್ನು ಅವಳು ಬೆರಳ ಮೇಲೆ ಎಣಿಸಿದಳು, ಇಪ್ಪತ್ತೈದು ಬಂದವು. ಅರ್ಧರ್ಧ ಗಂಟೆಯಂತೆ ಹನ್ನೆರಡೂವರೆ ಗಂಟೆ. ಹಸಿರು ವಾರ್ಡಿನಲ್ಲಾದರೆ ಅದು ಎರಡು ದಿನದ ಕೆಲಸ. ಒಳಗೆ ಕೋಣೆಯಲ್ಲಿ ಮುಂದಿನವನು ಆಗಲೇ ಕೂತಿದ್ದ, ಬಾಗಿಲು ಅರೆ ತೆರೆದಿತ್ತು. ನೆಲ ನೋಡಿ ಅವನು ಹೇಳುತ್ತಿದ್ದ ನಾಲ್ಕು, ನಾಲ್ಕು, ನಾಲ್ಕು ಎಂಬ ದನಿ ಅಂಗಳದ ತನಕ ಸ್ಪಷ್ಟವಾಗಿ ಕೇಳಿಸುತ್ತಿತ್ತು.